ಪಾಸರ್ಸ್‌ಬೈ ಎಂದರೆ ಪಾದಚಾರಿಗಳೋ, ಸ್ಥಳೀಯರೋ?

ಪ್ರಶ್ನೆ:
ಪತ್ರಿಕೆಯೊಂದರ ಸುದ್ದಿಮನೆಗೆ ಹೊಸದಾಗಿ ಸೇರಿದ್ದೇನೆ. ಅಪಘಾತದ ಇಂಗ್ಲಿಷ್ ವರದಿಯಲ್ಲಿ, ಗಾಯಾಳುವನ್ನು ‘ಪಾಸರ್ಸ್‌ಬೈ’ ಆಸ್ಪತ್ರೆಗೆ ಸಾಗಿಸಿದರು ಎಂದಿತ್ತು. ಬಹುವಚನದ ಎಸ್ ಪದದ ಕೊನೆಗೆ ಬರಬೇಕಲ್ಲವೇ? ಕನ್ನಡದಲ್ಲಿ ‘ಪಾದಚಾರಿಗಳು’ ಎನ್ನಲೇ, ಎಲ್ಲರೂ ಬರೆಯುವಂತೆ ‘ಸ್ಥಳೀಯರು’ ಎನ್ನಲೇ?

ಉತ್ತರ 1:
ಎಸ್ ಇರುವ ಜಾಗ ಸರಿಯಾಗಿಯೇ ಇದೆ. ಹಾದುಹೋಗುವವನು ‘ಪಾಸರ್’, ‘ಬೈ’ ಎಂದರೆ ಪಕ್ಕದಲ್ಲಿ. ಹೆಚ್ಚುವುದು ಜನ, ಪಕ್ಕವಲ್ಲ. ‘ರನ್ನರ್ಸ್ ಅಪ್’ ಕೂಡ ಹೀಗೆಯೇ. ನಡುವೆ ಅಡ್ಡಗೆರೆ ಹಾಕುವವರೂ ಇದ್ದಾರೆ, ಕೂಡಿಸಿ ಬರೆಯುವವರೂ ಇದ್ದಾರೆ. ಕನ್ನಡ ಪತ್ರಿಕೆಯವರಿಗೆ ಆ ತಲೆನೋವಿಲ್ಲ.

ಉತ್ತರ 2:
ಡೆಸ್ಕಿನಲ್ಲೇ ತಲೆ ನರೆತವನು ನಾನು. ‘ಸ್ಥಳೀಯರು’ ಕಂಡರೆ ಮೈ ಉರಿಯುತ್ತದೆ. ಹಿರಿಯೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ನಡುರಾತ್ರಿ ಲಾರಿ ಮಗುಚಿದರೆ ಅಲ್ಲಿ ಯಾವ ಸ್ಥಳೀಯರಿರುತ್ತಾರೆ? ಗಾಡಿ ನಿಲ್ಲಿಸಿ ಇಳಿದವನು ಹುಬ್ಬಳ್ಳಿಗೆ ಹೊರಟ ಕಾರಿನವನು. ಅವನನ್ನು ಪಾದಚಾರಿ ಎಂದರೂ ತಪ್ಪೇ. ಅದು ಕಾಲ್ನಡಿಗೆಯವರಿಗೆ, ಇಂಗ್ಲಿಷಿನ ‘ಪೆಡೆಸ್ಟ್ರಿಯನ್’ಗೆ ಸಲ್ಲುವ ಮಾತು. ಪಾಸರ್‌ಬೈ ಆಗಲು ನಡೆಯಲೇಬೇಕೆಂದಿಲ್ಲ. ಅದೇ ಹೊತ್ತಿಗೆ ಅಕಸ್ಮಾತ್ತಾಗಿ ಆ ದಾರಿಯಲ್ಲಿ ಹಾಯ್ದಿದ್ದರೆ ಸಾಕು.

‘ಬೈಸ್ಟ್ಯಾಂಡರ್’ ಬೇರೆ. ಅವನು ಅಲ್ಲೇ ಇದ್ದವನು, ಘಟನೆಯಲ್ಲಿ ಪಾಲಿಲ್ಲದವನು: ಬೀಡಾ ಅಂಗಡಿಯ ಮುಂದೆ ಚಿಲ್ಲರೆಗೆ ಕಾಯುತ್ತಿದ್ದವನು ಎನ್ನಿ. (ಅಲ್ಲಿ ಬೈ ಮೊದಲೇ ಬಂದಿರುವುದರಿಂದ ಎಸ್ ಕೊನೆಗೇ ಬರುತ್ತದೆ.) ನಿಮ್ಮ ವಾಕ್ಯಕ್ಕೆ ‘ದಾರಿಹೋಕರು’ ಸಾಕು.

ಪ್ರಶ್ನೆ ಕೇಳಿದವರು:
ದಾರಿಹೋಕ ಎಂದರೆ ಸ್ವಲ್ಪ ಹಗುರವಾಗಿ ಕೇಳುವುದಿಲ್ಲವೇ ಸರ್? ‘ಯಾವನೋ ದಾರಿಹೋಕನ ಮಾತು ಕಟ್ಟಿಕೊಂಡು ಬಂದೆಯಾ’ ಎಂದು ನಮ್ಮಜ್ಜಿ ಗದರುತ್ತಿದ್ದರು.

ಉತ್ತರ 2:
ಏಕವಚನದಲ್ಲಿ ಹೌದು, ಅಜ್ಜಿಯ ಕಿವಿ ಚುರುಕಾಗಿದೆ. ಬಹುವಚನಕ್ಕೆ ಆ ಸೋಂಕು ಅಷ್ಟಿಲ್ಲ. ನೆರವಾದವರು ಒಬ್ಬರೇ ಆಗಿದ್ದರೆ ‘ಅದೇ ದಾರಿಯಲ್ಲಿ ಬಂದ ಕಾರು ಚಾಲಕರೊಬ್ಬರು’ ಎಂದು ಬರೆಯಿರಿ. ಹೆಸರಿಗಾಗಿ ವರದಿಗಾರನನ್ನು ಅಟ್ಟಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿತು, 2020ರಲ್ಲಿ ಅದರ ನಿಯಮಗಳೂ ಬಂದವು. ಗಾಯಾಳುವಿಗೆ ನೆರವಾದವರ ಹೆಸರು, ವಿಳಾಸವನ್ನು ಪೊಲೀಸರು ಕೂಡ ಒತ್ತಾಯ ಮಾಡಿ ಕೇಳುವಂತಿಲ್ಲ. ಅವರಾಗಿಯೇ ಹೇಳಿದರೆ ಹಾಕಿ.