ಮೆಸೆಂಜರ್ ಬ್ಯಾಗಲ್ಲಿ 7 ಕೆಜಿ: ಹೆಗಲು ಜೋಮು ಹಿಡೀದ ಹಾಗೆ ಹೊರೋದು ಹೇಗೆ?

ಮಂಡ್ಯ ಪ್ಯಾಸೆಂಜರ್:
ದಿನಾ ಮಂಡ್ಯದಿಂದ ಮೈಸೂರಿಗೆ ರೈಲು, ಸ್ಟೇಷನ್ನಿಂದ ಮಾನಸಗಂಗೋತ್ರಿಗೆ ಸೈಕಲ್ಲು. ಒಂದೇ ಬೆಲ್ಟಿನ ಮೆಸೆಂಜರ್ ಬ್ಯಾಗು. ಒಳಗೆ 2.2 ಕೆಜಿ ಲ್ಯಾಪ್‌ಟಾಪು, ಚಾರ್ಜರು, ಎರಡು ದಪ್ಪ ಪುಸ್ತಕ, ಮೂರು ಗಿಣ್ಣಿನ ಟಿಫನ್ ಕ್ಯಾರಿಯರ್, ಒಂದು ಲೀಟರ್ ನೀರು, ಸೈಕಲ್ ಬೀಗ. ಎಲ್ಲಾ ಸೇರಿ 7 ಕೆಜಿ ಆಗುತ್ತೆ. ತಿರುವಲ್ಲಿ ಬ್ಯಾಗು ಹೊಟ್ಟೆ ಕಡೆಗೆ ಜಾರಿ ಬರುತ್ತೆ, ಬೆಲ್ಟು ತಾನೇ ಉದ್ದವಾಗುತ್ತೆ, ಸಂಜೆ ಹೊತ್ತಿಗೆ ಹೆಗಲು ಜೋಮು. ಇದೇ ಬ್ಯಾಗನ್ನ ಸರಿಮಾಡ್ಕೊಳ್ಳೋಕೆ ಆಗುತ್ತಾ?

ಹೆಗಲುಪಟ್ಟಿ:
ಆಗುತ್ತೆ ಸರ್. ಮೊದಲು ತುಂಬುವ ಕ್ರಮ ಬದಲಾಯಿಸಿ. ತೂಕ ಬೆನ್ನಿಂದ ಎಷ್ಟು ದೂರ ನಿಲ್ಲುತ್ತೋ ಅಷ್ಟೂ ಹೆಗಲನ್ನ ಹಿಂದಕ್ಕೆ ಜಗ್ಗುತ್ತೆ. ಅದೇ 7 ಕೆಜಿ ಬೆನ್ನಿಗೆ ಅಂಟಿಕೊಂಡಿದ್ದರೆ ಅರ್ಧ ನೋವು ಅಲ್ಲೇ ಹೋಯ್ತು.

ಲ್ಯಾಪ್‌ಟಾಪು ಬೆನ್ನಿನ ಬದಿಗೆ, ಚಪ್ಪಟೆಯಾಗಿ. ಅದಕ್ಕೆ ಒತ್ತಿಕೊಂಡು ಪುಸ್ತಕ, ಬೈಂಡಿನ ಬದಿ ಕೆಳಗೆ. ಚಾರ್ಜರು ಮತ್ತು ಬೀಗ ತಳದ ನಟ್ಟನಡುವೆ, ಪುಸ್ತಕದ ಆಚೆಗೆ. ಇವೆರಡೂ ಗಟ್ಟಿ ಉಂಡೆಗಳು. ಬೆನ್ನಿನ ಕಡೆ ಬಂದರೆ ಸೊಂಟಕ್ಕೆ ಒತ್ತುತ್ತವೆ, ಲ್ಯಾಪ್‌ಟಾಪಿನ ಮುಚ್ಚಳಕ್ಕೂ ಪೆಟ್ಟು. ಕ್ಯಾರಿಯರ್ ಬಿಟ್ಟು ಅಗಲದ ಚಪ್ಪಟೆ ಡಬ್ಬಿ ತಗೊಳ್ಳಿ. ಕ್ಯಾರಿಯರ್ ನಿಂತೇ ಇರಬೇಕು, ಮೆಸೆಂಜರ್ ಬ್ಯಾಗು ಬೆನ್ನ ಮೇಲೆ ಓರೆಯಾಗೇ ಕೂರೋದು. ಸಾರು ಚೆಲ್ಲದೆ ಇರುತ್ತಾ? ನೀರನ್ನ ಕಾಲು ಭಾಗ ಮಾತ್ರ ತುಂಬಿಸಿ, ಮುಕ್ಕಾಲು ಕೆಜಿ ಹಾಗೇ ಇಳಿಯುತ್ತೆ. ಉಳಿದದ್ದು ಕ್ಯಾಂಪಸ್ಸಲ್ಲಿ ತುಂಬಿಸಿಕೊಂಡರಾಯ್ತು.

ಕೊನೆಗೆ ಎರಡೂ ಮೂಲೆಗೆ ಟವೆಲ್ಲೋ ಜರ್ಕಿನ್ನೋ ತುರುಕಿ. ಮೂಲೆ ಖಾಲಿ ಇದ್ದರೆ ಓರೆಯಾದ ತಕ್ಷಣ ಸಾಮಾನೆಲ್ಲ ತಗ್ಗಿನ ಬದಿಗೆ ಉರುಳುತ್ತೆ, ಬ್ಯಾಗು ಹೊಟ್ಟೆಗೆ ಬರೋದು ಹಾಗೇ.

ಬೆಲ್ಟನ್ನ ಗಿಡ್ಡ ಮಾಡಿ. ನಿಂತಾಗ ಬ್ಯಾಗಿನ ತಳ ಸೊಂಟದ ಮೂಳೆಗಿಂತ ಕೆಳಗೆ ಹೋಗಬಾರದು. ಹೆಜ್ಜೆ ಹಾಕುವಾಗ ತೊಡೆಗೆ ಬಡಿದರೆ ಇನ್ನೂ ಎಳೀಬೇಕು ಅಂತ ಅರ್ಥ.

ಗುಜರಿ ಗೇರು:
ತುಂಬುವ ಕ್ರಮ ಅವರು ಹೇಳಿದ್ದೇ. ಬೆಲ್ಟು ಉದ್ದವಾಗೋದು ಬಕಲ್ಲಿನ ದೋಷ. ತಿರುಗಿಸಿ ನೋಡಿ: ಪ್ಲಾಸ್ಟಿಕ್ಕಿನ ನಡುಗಂಬಿ ಸವೆದು ನುಣ್ಣಗಾಗಿರುತ್ತೆ, ಇಲ್ಲಾ 38 ಮಿ.ಮೀ. ಬೆಲ್ಟಿಗೆ 50ರ ಬಕಲ್ ಹಾಕಿರ್ತಾರೆ. ಅಗಲ ಹೊಂದುವ ಲೋಹದ ಬಕಲ್ ಹಾಕಿಸಿ. ಅಲ್ಲಿಯವರೆಗೆ, ಅಳತೆ ಸರಿ ಕೂತ ಜಾಗಕ್ಕೆ ಪೆನ್ನಲ್ಲಿ ಗುರುತು ಹಾಕಿ, ಬೆಲ್ಟಿನ ತುದಿಯನ್ನ ನಡುಗಂಬಿಗೆ ಇನ್ನೊಂದು ಸುತ್ತು ತೂರಿಸಿ.

ಗುಜರಿ ಅಂಗಡಿಯಲ್ಲಿ ಕಾರಿನ ಸೀಟ್ ಬೆಲ್ಟು ಸಿಗುತ್ತೆ. ಸುಮಾರು 48 ಮಿ.ಮೀ. ಅಗಲ, ಹೆಗಲಿಗೆ ಹಿತ. ಆದರೆ ಬಲು ನುಣುಪು, ಪ್ಲಾಸ್ಟಿಕ್ ಬಕಲ್ಲಲ್ಲಿ ನಿಲ್ಲೋದೇ ಇಲ್ಲ. ಹಲ್ಲಿರುವ, ಒತ್ತಿ ಹಿಡಿಯುವ ಲೋಹದ ಬಕಲ್ಲೇ ಬೇಕು. ಬ್ಯಾಗ್ ರಿಪೇರಿಯವರ ಹತ್ತಿರ ನೈಲಾನ್ ದಾರದಲ್ಲಿ ಚೌಕ ಹೊಲಿಸಿ, ಒಳಗೆ ಮೂಲೆಯಿಂದ ಮೂಲೆಗೆ ಕತ್ತರಿ ಗುರುತಿನ ಹಾಗೆ ಹೊಲಿಗೆ ಹಾಕಿಸಿ. ಅಡ್ಡಡ್ಡ ಒಂದೇ ಸಾಲು ಹೊಲಿದರೆ ಭಾರವೆಲ್ಲ ಅದೇ ಸಾಲಿನ ಮೇಲೆ ಬಿದ್ದು ಬಟ್ಟೆ ಸೀಳುತ್ತೆ.

ಸೈಕಲ್ಲಿಗೆ ಎರಡನೇ ಪಟ್ಟಿ ಬೇಕೇ ಬೇಕು. 25 ಮಿ.ಮೀ. ಪಟ್ಟಿ ಒಂದು ಮೀಟರು, ಚಿಟಕಿ ಬಕಲ್ ಒಂದು. ಬೆಲ್ಟು ಬಲ ಹೆಗಲ ಮೇಲಿದ್ದರೆ, ಬಲ ಕಂಕುಳ ಕೆಳಗೆ ಬರುವ ಬ್ಯಾಗಿನ ಮೂಲೆಗೆ ಒಂದು ತುದಿ ಹೊಲಿಸಿ, ಇನ್ನೊಂದು ತುದಿ ಎದೆಯ ಮೇಲೆ ದೊಡ್ಡ ಬೆಲ್ಟಿಗೆ ಸಿಗಿಸಿ. ಬಿಗಿ ಮಾಡಿದಾಗ ಉಸಿರು ಸಲೀಸಾಗಿ ಆಡಬೇಕು.

ಮಂಡ್ಯ ಪ್ಯಾಸೆಂಜರ್:
ತುಂಬಾ ಉಪಕಾರ ಆಯ್ತು. ಹೆಗಲ ಪ್ಯಾಡಿಗೆ ಸ್ಪಂಜು ಸಾಕಾ? ಶನಿವಾರ 3 ಕೆಜಿ ಬೆಲ್ಲವೂ ಜೊತೆಗಿರುತ್ತೆ.

ಹೆಗಲುಪಟ್ಟಿ:
ಸ್ಪಂಜು ಬೇಡ, ಭಾರ ಬಿದ್ದರೆ ಕಾಗದದ ಹಾಗೆ ಚಪ್ಪಟೆಯಾಗುತ್ತೆ. ಹಳೇ ಯೋಗ ಮ್ಯಾಟನ್ನ 8 ಸೆಂ.ಮೀ. ಅಗಲ, ಒಂದು ಗೇಣು ಉದ್ದ ಕತ್ತರಿಸಿ, ಎರಡು ಪದರ ಸೇರಿಸಿ ಬಟ್ಟೆಯ ಗವಸು ಹೊಲಿಸಿ. ಪ್ಯಾಡು ಕತ್ತಿನ ಬುಡಕ್ಕೆ ತಾಗದೆ ಹೆಗಲಿನ ಮಾಂಸದ ಮೇಲೆ ಕೂರಬೇಕು. ರೈಲು ಹತ್ತಿದ ಕೂಡಲೇ ಬ್ಯಾಗು ಇಳಿಸಿ, ಹೆಗಲಿಗೆ ಅಷ್ಟು ಹೊತ್ತಾದರೂ ಬಿಡುವು ಸಿಗಲಿ. ಬ್ಯಾಗು ಇಳಿಸಿದ ಮೇಲೂ ಬೆರಳು ಜೋಮು ಬಿಡದಿದ್ದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಗುಜರಿ ಗೇರು:
ಬೆಲ್ಲ ಬ್ಯಾಗಿಗೆ ಹಾಕಲೇಬೇಡಿ ಸಾರ್. ಮಕ್ಕಳ ಸ್ಕೂಲ್ ಬ್ಯಾಗಿಗೆ 2020ರ ಕೇಂದ್ರ ನೀತಿ ಇಟ್ಟಿರೋ ಮಿತಿ ಮೈತೂಕದ ನೂರಕ್ಕೆ ಹತ್ತು. ದೊಡ್ಡವರಿಗೆ ಸ್ವಲ್ಪ ಹೆಚ್ಚು ತಡೆದೀತು, ಆದರೆ ಒಂಟಿ ಹೆಗಲಿಗೆ 10 ಕೆಜಿ ಅತಿಯಾಯ್ತು. ಅಚ್ಚುಗಳನ್ನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿ, ಗೋಣಿಚೀಲಕ್ಕೆ ಹಾಕಿ, ಸೈಕಲ್ ಕ್ಯಾರಿಯರಿಗೆ ಕಟ್ಟಿ. ಹಳೇ ಟ್ಯೂಬನ್ನ ಎರಡು ಬೆರಳಗಲ ಉದ್ದುದ್ದ ಸೀಳಿದರೆ ಹಗ್ಗಕ್ಕಿಂತ ಚೆನ್ನಾಗಿ ಕಚ್ಚಿ ಹಿಡಿಯುತ್ತೆ. ತುದಿ ಮಾತ್ರ ಚಕ್ರದ ಕಡ್ಡಿಗೆ ಸಿಗದ ಹಾಗೆ ಒಳಕ್ಕೆ ಸಿಕ್ಕಿಸಿ.