ಐಎಫ್‌ಎನ್-ಗಾಮಾ ಕೊಟ್ಟರೂ ಇಲಿ ಮ್ಯಾಕ್ರೋಫೇಜ್‌ದಾಗ ಎಂಎಚ್‌ಸಿ-2 ಏರವಲ್ದು

ತೊಗರಿಕಣಜ (ಕಲಬುರಗಿ):
ಸಿ57ಬಿಎಲ್/6 ತಳಿಯ ಇಲಿಯ ಮೂಳೆಮಜ್ಜೆಗೆ ಎಂ-ಸಿಎಸ್‌ಎಫ್ (ಬೆಳವಣಿಗೆಯ ಪ್ರೋಟೀನ್) ಕೊಟ್ಟು 7 ದಿನ ಬೆಳೆಸಿದ ಮ್ಯಾಕ್ರೋಫೇಜ್ (ರೋಗಾಣು ನುಂಗೋ ಕೋಶ). ಐಎಫ್‌ಎನ್-ಗಾಮಾ (ಕೋಶಗಳನ್ನ ಚುರುಕು ಮಾಡೋ ಇಂಟರ್‌ಫೆರಾನ್ ಪ್ರೋಟೀನ್) ಮಿಲಿಲೀಟರಿಗೆ 20 ನ್ಯಾನೋಗ್ರಾಂ, 16 ತಾಸು. ಮೇಲ್ಮೈ ಪ್ರೋಟೀನುಗಳಾದ ಪಿಡಿ-ಎಲ್1 (ಟಿ ಕೋಶಗಳನ್ನ ತಡೆಯೋದು), ಎಚ್-2ಕೆಬಿ (ಎಂಎಚ್‌ಸಿ-1ರ ಒಂದು ಬಗೆ) ಎರಡೂ ಚಲೋ ಏರ್ಯಾವ. ಎಂಎಚ್‌ಸಿ-2 (ಟಿ ಕೋಶಗಳಿಗೆ ರೋಗಾಣುವಿನ ಚೂರು ತೋರಿಸೋ ಮೇಲ್ಮೈ ಪ್ರೋಟೀನ್) ಇದ್ದಲ್ಲೇ ಅದ. ಐಎಫ್‌ಎನ್-ಬೀಟಾ (ಇನ್ನೊಂದು ಇಂಟರ್‌ಫೆರಾನ್) ಕೂಡಿಸಿದ ವೆಲ್‌ದಾಗ (ತಟ್ಟೆಯ ಕುಳಿಯಾಗ) ಇನ್ನೂ ಕಮ್ಮಿ. ಎರಡೂ ಇಂಟರ್‌ಫೆರಾನ್ ಸ್ಟಾಟ್1 (ಸಂಕೇತವನ್ನ ಜೀನಿಗೆ ಒಯ್ಯೋ ಪ್ರೋಟೀನ್) ಮೂಲಕವೇ ಹೋಗ್ತಾವಲ್ಲ, ಹಿಂಗ್ಯಾಕ? ಏನೂ ಕೊಡದ ವೆಲ್‌ದಾಗೂ ಪಿಡಿ-ಎಲ್1 ಎತ್ತರ ಕಾಣ್ತದ. ಸ್ಟೇನ್ (ಹೊಳೆಯೋ ಬಣ್ಣದ ಆಂಟಿಬಾಡಿ ಹಚ್ಚೋದು) ಇಲ್ಲೇ ಮಾಡಿ, ಫ್ಲೋಗೆ (ಒಂದೊಂದೇ ಕೋಶದ ಹೊಳಪು ಅಳೆಯೋ ಯಂತ್ರಕ್ಕ) ಹೈದರಾಬಾದ್‌ಗೆ ಕಳಿಸ್ತೀವಿ.

ಬಿದ್ರಿ (ಬೀದರ್):
16 ತಾಸು ಸಾಲಂಗಿಲ್ರಿ. ಪಿಡಿ-ಎಲ್1ಗೆ ಸ್ಟಾಟ್1, ಅದರ ಬೆನ್ನಿಗೆ ಐಆರ್‌ಎಫ್1 (ಜೀನ್ ಎಬ್ಬಿಸೋ ಪ್ರೋಟೀನ್) ಬಂದ್ರ ಕೆಲಸ ಶುರು. ಎಂಎಚ್‌ಸಿ-2ಕ್ಕ ಹಂಗಲ್ಲ: ಮೊದಲು ಸಿಐಐಟಿಎ ಅನ್ನೋ ಪ್ರೋಟೀನ್ ಹೊಸದಾಗಿ ತಯಾರಾಗಬೇಕು, ಅದು ಎಂಎಚ್‌ಸಿ-2 ಜೀನುಗಳನ್ನ ಎಬ್ಬಿಸಬೇಕು, ಆಮ್ಯಾಲ ಸರಕು ಕೋಶದ ಮೇಲ್ಮೈಗೆ ಬರಬೇಕು. 24, 48, 72 ತಾಸಿಗೆ ಬೇರೆ ಬೇರೆ ವೆಲ್ ಇಡ್ರಿ. 48ಕ್ಕ ಸ್ಪಷ್ಟ ಕಾಣಬೇಕು.

ಬೀಟಾದ ವಿಷಯ ಬ್ಯಾರೆ. ಅದು ಸ್ಟಾಟ್1, ಸ್ಟಾಟ್2, ಐಆರ್‌ಎಫ್9 ಮೂರನ್ನ ಒಂದುಮಾಡಿ ಐಎಸ್‌ಆರ್‌ಇ ಅನ್ನೋ ಡಿಎನ್‌ಎ ಜಾಗದ ಮೇಲೆ ಕೂಡ್ರಸ್ತದ. ಗಾಮಾದ್ದು ಸ್ಟಾಟ್1 ಜೋಡಿ, ಅದರ ಡಿಎನ್‌ಎ ಜಾಗದ ಹೆಸರು ಗ್ಯಾಸ್ (GAS). ಎಂಎಚ್‌ಸಿ-1, ಪಿಡಿ-ಎಲ್1 ಇಬ್ಬರ ಮಾತೂ ಕೇಳ್ತಾವ. ಆದ್ರ ಮ್ಯಾಕ್ರೋಫೇಜ್ ಮೇಲಿನ ಗಾಮಾ ರಿಸೆಪ್ಟರ್ ಐಎಫ್‌ಎನ್‌ಜಿಆರ್1ನ್ನೇ ಬೀಟಾ ಇಳಿಸ್ತದ. ಸಿಡಿ119 (ಅದೇ ರಿಸೆಪ್ಟರಿನ ಇನ್ನೊಂದು ಹೆಸರು) ಸ್ಟೇನ್ ಮಾಡಿದ್ರ ಗೊತ್ತಾಗ್ತದ. ಬೀಟಾ ಮೊದಲು, ಗಾಮಾ ಮೊದಲು, ಎರಡೂ ಕೂಡಿ, ಹಿಂಗ ಮೂರು ವೆಲ್ ಬೇಕೇ ಬೇಕು.

ಎಂಎಚ್‌ಸಿ-2 ಆಂಟಿಬಾಡಿಯ ಕ್ಲೋನ್ (ತಳಿ) ಯಾವುದು? 14-4-4ಎಸ್ ಆಗಿದ್ರ ಏನೂ ಕಾಣಂಗಿಲ್ಲ. ಅದು ಐ-ಇ (ಇಲಿಯ ಎಂಎಚ್‌ಸಿ-2ರ ಒಂದು ಬಗೆ) ಹಿಡಿಯೋದು. ಈ ತಳಿಯ ಇಲಿಗೆ ಇ-ಆಲ್ಫಾ ಜೀನ್ ಕೆಟ್ಟು ಐ-ಇ ಮೇಲ್ಮೈಗೇ ಬರಂಗಿಲ್ಲ.

ತೊಗರಿಕಣಜ:
ಕ್ಲೋನ್ ಎಎಫ್6-120.1. ಬ್ಲಾಕ್ 2.4ಜಿ2. ಕೋಶ ತಟ್ಟೆಯಿಂದ ಎಬ್ಬಿಸ್ಲಿಕ್ಕೆ ಟ್ರಿಪ್ಸಿನ್.

ಭೀಮಾತೀರ (ಯಾದಗಿರಿ):
ಟ್ರಿಪ್ಸಿನ್ ಇವತ್ತೇ ಬಿಡ್ರಿ, ಮೇಲ್ಮೈ ಪ್ರೋಟೀನನ್ನೇ ಕತ್ತರಿಸ್ತದ. ಕ್ಯಾಲ್ಸಿಯಂ-ಮೆಗ್ನೀಸಿಯಂ ಇಲ್ಲದ ತಣ್ಣನೆ ಪಿಬಿಎಸ್ (ಉಪ್ಪಿನ ಬಫರ್), 5 ಮಿಲಿಮೋಲಾರ್ ಇಡಿಟಿಎ (ಕ್ಯಾಲ್ಸಿಯಂ ಹಿಡಿಯೋ ರಾಸಾಯನಿಕ), ಐಸ್ ಮೇಲೆ 10–15 ನಿಮಿಷ, ಆಮ್ಯಾಲ ಪಿಪೆಟ್‌ನಿಂದ ಮೆಲ್ಲಗ.

ಎಎಫ್6 ಐ-ಎ (ಈ ಇಲಿಯಲ್ಲಿರೋ ಎಂಎಚ್‌ಸಿ-2) ಹಿಡೀತದ, ಅಲ್ಲಿತನಕ ಸರಿ. ಆದ್ರ ಅದು ಇಲಿಯದೇ ಐಜಿಜಿ2ಎ (ಆಂಟಿಬಾಡಿಯ ಒಂದು ಬಗೆ). ಗಾಮಾ ಸಿಡಿ64 (ಆಂಟಿಬಾಡಿ ಹಿಡಿಯೋ ರಿಸೆಪ್ಟರ್) ಏರಿಸ್ತದ, ಸಿಡಿ64 ಐಜಿಜಿ2ಎಯ ಬಾಲವನ್ನ ಗಟ್ಟಿ ಹಿಡೀತದ, ನಿಮ್ಮ 2.4ಜಿ2 ಬ್ಲಾಕ್ ಅಂಥದೇ ರಿಸೆಪ್ಟರುಗಳಾದ ಸಿಡಿ16/32ನ್ನ ಮುಚ್ಚೋದು, ಸಿಡಿ64ನ್ನ ಅಲ್ಲ. 48 ತಾಸಿಗೆ ಏರಿದ್ದೆಲ್ಲ ಎಂಎಚ್‌ಸಿ-2 ಅಂತ ನಂಬಿದ್ರ ಕೆಟ್ಟಂಗ. ಎಂ5/114.15.2 ತಗೋರಿ, ಅದು ರ‍್ಯಾಟ್ (ಬ್ಯಾರೆ ಜಾತಿಯ ದೊಡ್ಡ ಇಲಿ) ಐಜಿಜಿ2ಬಿ. ಐಸೊಟೈಪ್ (ಅದೇ ಬಗೆಯ, ಆದ್ರ ಗುರಿಯಿಲ್ಲದ ಹೋಲಿಕೆ ಆಂಟಿಬಾಡಿ) ಟ್ಯೂಬಿಗೂ ಗಾಮಾ ಕೊಟ್ಟ ಕೋಶಗಳನ್ನೇ ಹಾಕಬೇಕು. ಕೊಡದ ಕೋಶದ ಐಸೊಟೈಪ್ ಇಲ್ಲಿ ಉಪಯೋಗಕ್ಕ ಬರಂಗಿಲ್ಲ.

ಏನೂ ಕೊಡದ ವೆಲ್‌ದಾಗ ಪಿಡಿ-ಎಲ್1 ಎತ್ತರ ಅಂದ್ರ ಮೊದಲ ಅನುಮಾನ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪೊರೆಯ ವಿಷ). ಅದನ್ನ ಗುರುತಿಸೋ ಟಿಎಲ್‌ಆರ್4, ಅದರ ಮುಂದಿನ ಟ್ರಿಫ್, ಐಆರ್‌ಎಫ್3 ಪ್ರೋಟೀನುಗಳ ದಾರಿ ಹಿಡಿದು ಮ್ಯಾಕ್ರೋಫೇಜ್ ತಾನೇ ಬೀಟಾ ಮಾಡ್ಕೋತದ. ಐಎಫ್‌ಎನ್‌ಎಆರ್1 (ಬೀಟಾದ ರಿಸೆಪ್ಟರ್) ತಡೆಯೋ ಎಂಎಆರ್1-5ಎ3 ಆಂಟಿಬಾಡಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಹಾಕಿ ನೋಡ್ರಿ. ಪಿಡಿ-ಎಲ್1 ಇಳಿದ್ರ ಸೀರಮ್, ನೀರು ಎರಡನ್ನೂ ಎಲ್‌ಎಎಲ್ ಪರೀಕ್ಷೆಗೆ (ಎಂಡೋಟಾಕ್ಸಿನ್ ಅಳೆಯೋದು) ಹಚ್ರಿ.

ಬಿದ್ರಿ:
ಹೈದರಾಬಾದ್‌ಗೆ ಕಳಿಸೋದಾದ್ರ, ಸತ್ತ ಕೋಶ ತೋರಿಸೋ ಫಿಕ್ಸೆಬಲ್ (ಫಿಕ್ಸ್ ಮಾಡಿದ್ರೂ ಉಳಿಯೋ) ಬಣ್ಣ ಮೊದಲು, ಆಮ್ಯಾಲ ಆಂಟಿಬಾಡಿ, ಕಡೀಕೆ ಕೋಶ ಫಿಕ್ಸ್ ಮಾಡ್ಲಿಕ್ಕೆ (ಇದ್ದಂಗ ಗಟ್ಟಿ ಮಾಡ್ಲಿಕ್ಕೆ) 1% ಪ್ಯಾರಾಫಾರ್ಮಾಲ್ಡಿಹೈಡ್ 20 ನಿಮಿಷ, ತೊಳೆದು ಬಫರ್‌ದಾಗ 4 ಡಿಗ್ರಿ. 7-ಎಎಡಿ (ಸತ್ತ ಕೋಶದ ಇನ್ನೊಂದು ಬಣ್ಣ) ನಡೆಯಂಗಿಲ್ಲ. ಪಿಇ-ಸೈ7 ತರಹದ ಟ್ಯಾಂಡೆಮ್ (ಎರಡು ಬಣ್ಣ ಜೋಡಿಸಿದ್ದು) ಬಿಡ್ರಿ. ಬೆಳಕು, ಬಿಸಿ, ಫಿಕ್ಸ್ ಮೂರಕ್ಕೂ ಒಡೆದು ಪಿಇ ಚಾನೆಲ್‌ದಾಗ ಸುಳ್ಳು ಹೊಳಪು ಬರ್ತದ. ಮ್ಯಾಕ್ರೋಫೇಜ್‌ಗೆ ಎಫ್‌ಐಟಿಸಿ (ಹಸಿರು ಬಣ್ಣ) ಹಚ್ಚಬ್ಯಾಡ್ರಿ, ತಾನೇ ಆ ಬಣ್ಣದಾಗ ಮಿನುಗ್ತದ. ನಮ್ಮ ಕಡೆ ಮೇ ಬಿಸಿಲಿಗೆ ಬರೀ ಐಸ್ ಸಾಲದು. ಜೆಲ್ ಪ್ಯಾಕ್ ಇಡ್ರಿ, ಟ್ಯೂಬಿಗೆ ನೇರ ತಾಗಬಾರದು, ಹೆಪ್ಪುಗಟ್ಟಿದ್ರ ಕೋಶ ಒಡೀತಾವ. 24 ತಾಸಿನೊಳಗ ಓಡಿಸ್ರಿ.

ಭೀಮಾತೀರ:
ಮುಂದ ಗುಲ್ಮಕ್ಕೆ ಹೋಗೋದಿದ್ರ ಇನ್ನೊಂದು ಮಾತು. ಕೋಶದ ಗುರುತಿಗೆ ಬಳಸೋ ಮೇಲ್ಮೈ ಪ್ರೋಟೀನುಗಳಾದ ಪಿಡಿಸಿಎ-1, ಸ್ಕಾ-1 ಎರಡನ್ನೂ ಇಂಟರ್‌ಫೆರಾನೇ ಏರಿಸ್ತದ. ಪಾಲಿ ಐ:ಸಿ (ವೈರಸ್ ಆರ್‌ಎನ್‌ಎ ಹೋಲೋ ವಸ್ತು) ಕೊಟ್ಟ ಇಲಿಯಲ್ಲಿ ಪಿಡಿಸಿಎ-1 ಒಂದನ್ನೇ ನೋಡಿ ಪ್ಲಾಸ್ಮಾಸೈಟಾಯ್ಡ್ ಡೆಂಡ್ರಿಟಿಕ್ ಕೋಶ (ಇಂಟರ್‌ಫೆರಾನ್ ಬಹಳ ಮಾಡೋ ಕೋಶ) ಅಂತ ಗೇಟ್ ಹಾಕಿದ್ರ (ಬ್ಯಾರೆ ಮಾಡಿ ಎಣಿಸಿದ್ರ) ಬಿ ಕೋಶಗಳೂ ಒಳಗ ಬರ್ತಾವ. ಸಿಗ್ಲೆಕ್-ಎಚ್, ಬಿ220 ಗುರುತುಗಳನ್ನೂ ಜೋಡಿಸ್ರಿ, ಬಿ ಕೋಶದ ಗುರುತಾದ ಸಿಡಿ19 ಇದ್ದದ್ದನ್ನ ಹೊರಗ ಹಾಕ್ರಿ.