‘ವಾರ್ನ್ ಆಫ್’ನಲ್ಲಿ ‘ಆಫ್’ ಯಾಕೆ?

ಪ್ರಶ್ನೆ: ಮೇಡಂ, ಒಂದು ಇಂಗ್ಲಿಷ್ ಸುದ್ದಿಯಲ್ಲಿ ‘ದಿ ಗಾರ್ಡ್ಸ್ ವಾರ್ನ್ಡ್ ದೆಮ್ ಆಫ್’ ಅಂತ ಓದಿದೆ. ‘ವಾರ್ನ್’ ಅಂದರೆ ಎಚ್ಚರಿಸು, ಅದು ಗೊತ್ತು. ‘ಆಫ್’ ಬಿಟ್ಟು ಬರೆದರೆ ಏನಾಗುತ್ತೆ?

ಉತ್ತರ (ಇಂಗ್ಲಿಷ್ ಶಿಕ್ಷಕಿ): ವಾಕ್ಯ ತಪ್ಪಾಗಲ್ಲ, ಆದರೆ ಅರ್ಥ ಬದಲಾಗುತ್ತದೆ. ಬರೀ ‘ವಾರ್ನ್’ ಅಂದರೆ ಅಪಾಯ ಇದೆ ಅಂತ ತಿಳಿಸುವುದು. ಕೇಳಿಸಿಕೊಂಡವರು ಅಲ್ಲೇ ಹುಷಾರಾಗಿ ಇರಬಹುದು. ‘ವಾರ್ನ್ ಆಫ್’ ಅಂದರೆ ‘ಹತ್ತಿರ ಬರಬೇಡ, ಇದರ ತಂಟೆಗೆ ಹೋಗಬೇಡ’ ಅಂತ ಎಚ್ಚರಿಸಿ ದೂರ ಇಡುವುದು. ‘ಕೀಪ್ ಆಫ್ ದಿ ಗ್ರಾಸ್’ ಬೋರ್ಡ್ ನೋಡಿರುತ್ತೀರಿ ಅಲ್ವಾ, ಅಲ್ಲಿರುವುದೂ ಇದೇ ‘ಆಫ್’.

ರ್‍ಯಾಟಲ್‌ಸ್ನೇಕ್ ಹಾವನ್ನೇ ನೋಡಿ. ಯಾರಾದರೂ ಹತ್ತಿರ ಬಂದರೆ ಬಾಲ ಅಲ್ಲಾಡಿಸಿ ಗಿಲಗಿಲ ಸದ್ದು ಮಾಡುತ್ತದೆ. ಕಚ್ಚುವ ಮೊದಲೇ ಬಂದವರು ಹಿಂದೆ ಸರಿಯಲಿ ಅಂತ. ಇದನ್ನು ಹೇಳಲು ‘ವಾರ್ನ್ ಆಫ್’ ತುಂಬಾ ಚೆನ್ನಾಗಿ ಹೊಂದುತ್ತದೆ: ‘ದಿ ಸ್ನೇಕ್ ರ್‍ಯಾಟಲ್ಸ್ ಇಟ್ಸ್ ಟೇಲ್ ಟು ವಾರ್ನ್ ಆಫ್ ಪ್ರೆಡೇಟರ್ಸ್.’

‘ಪ್ರೆಡೇಟರ್ಸ್’ ಜಾಗದಲ್ಲಿ ‘ದೆಮ್’, ‘ಹಿಮ್’ ಥರದ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ‘ವಾರ್ನ್ ದೆಮ್ ಆಫ್’ ಸರಿ, ‘ವಾರ್ನ್ ಆಫ್ ದೆಮ್’ ತಪ್ಪು. ಯಾವುದರಿಂದ ದೂರ ಅಂತಲೂ ಹೇಳಬೇಕಿದ್ದರೆ ‘ಆಫ್’ ಆದಮೇಲೆ ಹೇಳಿ: ‘ದಿ ಡಾಕ್ಟರ್ ವಾರ್ನ್ಡ್ ಹಿಮ್ ಆಫ್ ಆಲ್ಕೊಹಾಲ್.’ ಕ್ರಿಯಾಪದ ಬಂದರೆ ‘-ಇಂಗ್’ ರೂಪ: ‘ಆಫ್ ಡ್ರಿಂಕಿಂಗ್.’ ‘ಆಫ್ ಟು ಡ್ರಿಂಕ್’ ಅಂತ ಬರೆಯಬೇಡಿ.

ಇನ್ನೊಂದು ಕಡೆ ಜಾಸ್ತಿ ಜನ ಎಡವುತ್ತಾರೆ. ಒಂದೇ ‘ಎಫ್’ ಇರುವ ‘ಆವ್’ ಬೇರೆ, ಎರಡು ‘ಎಫ್’ ಇರುವ ‘ಆಫ್’ ಬೇರೆ. ಭಾರಿ ಮಳೆಯ ಮುನ್ಸೂಚನೆ ಕೊಟ್ಟರು ಅನ್ನಲು ‘ವಾರ್ನ್ಡ್ ಆವ್ ಹೆವಿ ರೇನ್’ ಬೇಕು. ಅಲ್ಲಿ ಎರಡು ‘ಎಫ್’ ಹಾಕಿದರೆ ಮಳೆಗೇ ‘ಈ ಕಡೆ ಬರಬೇಡ’ ಅಂದಂತೆ ಆಗುತ್ತದೆ! ಬರೆದ ಮೇಲೆ ಆ ‘ಎಫ್’ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ಹಾಗಾದರೆ ‘ವಾರ್ನ್ ಅಗೇನ್‌ಸ್ಟ್’ ಮತ್ತು ಇದು ಒಂದೇನಾ ಮೇಡಂ?

ಉತ್ತರ: ಹತ್ತಿರದವು, ಆದರೆ ಧಾಟಿ ಬೇರೆ. ‘ಅಗೇನ್‌ಸ್ಟ್’ನಲ್ಲಿ ಬುದ್ಧಿಮಾತು ಜಾಸ್ತಿ. ‘ಹಾಗೆ ಮಾಡುವುದು ಒಳ್ಳೆಯದಲ್ಲ’ ಅಂದಂತೆ. ವರದಿ, ಪ್ರಕಟಣೆಗಳಲ್ಲಿ ಅದೇ ಚೆಂದ. ‘ವಾರ್ನ್ ಆಫ್’ನಲ್ಲಿ ಎಷ್ಟೋ ಸಲ ಗದರಿಕೆ ಇರುತ್ತದೆ, ಕೆಲವೊಮ್ಮೆ ಬೆದರಿಕೆಯೂ. ಬ್ರಿಟನ್ನಿನ ಕುದುರೆ ರೇಸಿನಲ್ಲಂತೂ ಒಬ್ಬರನ್ನು ‘ವಾರ್ನ್ಡ್ ಆಫ್’ ಅಂದರೆ ರೇಸ್‌ಕೋರ್ಸಿಗೆ ಕಾಲಿಡದ ಹಾಗೆ ನಿಷೇಧಿಸಿದ್ದಾರೆ ಅಂತಲೇ ಅರ್ಥ.

ಪ್ರಶ್ನೆ: ನಾನು ಓದಿದ ವಾಕ್ಯದಲ್ಲಿ ಅವರು ಹೊರಟುಹೋದರು ಅಂತಾಯ್ತಾ?

ಉತ್ತರ: ಇಲ್ಲ. ಗಾರ್ಡ್‌ಗಳು ‘ಹೋಗಿ’ ಅಂತ ಗದರಿದರು, ಅಷ್ಟೇ. ಹೋದರೋ ಇಲ್ಲವೋ ಮುಂದಿನ ವಾಕ್ಯ ಹೇಳಬೇಕು. ಹೆದರಿ ಓಡಿಯೇ ಹೋಗಿದ್ದರೆ ‘ಸ್ಕೇರ್ಡ್ ದೆಮ್ ಆಫ್’ ಅಂತ ಬರೆಯುತ್ತಿದ್ದರು.